ಕಣ್ಣಿಗೆ ಪ್ರಿಯವಾದುದೂ ಹಿತವಾದುದೂ

ಪ್ರಿಯವಾದುದೆಲ್ಲವೂ ಹಿತವಲ್ಲವೆಂದು ನಾವು ಮೂವತ್ತೈದು ವರ್ಷಕಾಲ ಮಕ್ಕಳಿಗೆ ಪಾಠ ಹೇಳಿದೆವು. ಸ್ಟೀರಾಯ್ಡ್ ಎಂಬ ಔಷಧವರ್ಗದಲ್ಲಿ ಆ ಮಾತಿನ ಅರ್ಥವು ಈಗ ನಮ್ಮ ಕಣ್ಣಿಗೇ ವೇದ್ಯವಾಗಿರುವುದು.

ಔಷಧವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ಡಾಕ್ಟರ್ ಹೆಂಚ್ ಅವರು ಸಂಧಿವಾತಕ್ಕೆ ಕಾರ್ಟಿಸೋನನ್ನು ಪ್ರಯೋಗಿಸಿದಾಗ, ನಡೆಯಲಾರದವರು ಎದ್ದು ನಡೆದರು. 1950ರಲ್ಲಿ ಅವರಿಗೂ ಇನ್ನಿಬ್ಬರು ಶೋಧಕರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ 1960ರಲ್ಲಿಯೇ, ಇಂತಹ ರೋಗಿಗಳ ಕಣ್ಣಿನಲ್ಲಿ ಪೊರೆ ಬೆಳೆಯುವುದನ್ನು ವೈದ್ಯರು ಕಂಡು ಬರೆದರು.

ನಾವೂ ಸಂಧಿವಾತಕ್ಕಾಗಿ ಮೂರು ವರ್ಷಗಳಿಂದ ಪ್ರೆಡ್ನಿಸೋಲೋನ್ ಗುಳಿಗೆಯನ್ನು ಸೇವಿಸುತ್ತಿರುವೆವು. ಅದಿಲ್ಲದಿದ್ದರೆ ಈ ಲೇಖನಿಯನ್ನು ಹಿಡಿಯಲಾರೆವು. ಎಡಗಣ್ಣಿನ ಮಸೂರದ ಹಿಂಬದಿಯಲ್ಲಿ ಪೊರೆ ಮೂಡಿದೆ. ಬಿಸಿಲಿಗೆ ಕಣ್ಣು ಕುಕ್ಕುವುದು, ಓದುವಾಗ ಅಕ್ಷರ ಮಸಕಾಗುವುದು. ಇದಕ್ಕಾಗಿ ಕೊರಗುವುದಿಲ್ಲ, ಪೊರೆಯನ್ನು ತೆಗೆದು ಕೃತಕ ಮಸೂರವನ್ನು ಇಡಬಹುದು.

ನೆರೆಮನೆಯ ಬಾಲಕನಿಗೆ ಒದಗಿದುದು ಬೇರೆ. ಬೇಸಿಗೆಯಲ್ಲಿ ಕಣ್ಣು ಕೆರೆತವೆಂದು, ಕೆಲವೇ ದಿನಗಳ ಮಟ್ಟಿಗೆ ಬರೆದುಕೊಟ್ಟಿದ್ದ ಸ್ಟೀರಾಯ್ಡ್ ಹನಿಯನ್ನು, ಮನೆಯವರು ಹಳೆಯ ಚೀಟಿಯಿಂದಲೇ ಎರಡು ವರ್ಷ ಕೊಂಡು ಹಾಕಿದರು. ಹಾಕಿದೊಡನೆ ಕೆಂಪು ಅಡಗುತ್ತಿತ್ತು. ಒಳಗಾದರೋ, ಕಣ್ಣಿನ ದ್ರವವು ಹೊರಹರಿಯುವ ದಾರಿ ಕಟ್ಟಿಕೊಂಡು, ಒತ್ತಡವೇರಿ, ದೃಷ್ಟಿನರವು ಸವೆಯುತ್ತಿತ್ತು. ಈ ಗ್ಲಾಕೋಮಾಕ್ಕೆ ಬಹುಧಾ ನೋವಿಲ್ಲ. ಮೊದಲು ಹೋಗುವುದು ಅಂಚಿನ ನೋಟ. ಹುಡುಗನು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ನಡೆಯತೊಡಗಿದ ಮೇಲೆಯೇ ಮನೆಯವರಿಗೆ ತಿಳಿದುದು. ಹೋದ ನೋಟವನ್ನು ಯಾವ ಚಿಕಿತ್ಸೆಯೂ ಮರಳಿ ತರಲಾರದು, ಉಳಿದುದನ್ನು ಕಾಪಾಡಬಹುದಷ್ಟೆ.

ಎಲ್ಲರ ಕಣ್ಣಿನಲ್ಲಿಯೂ ಹೀಗೆ ಒತ್ತಡವೇರದು. ಯಾರಲ್ಲಿ ಏರುವುದೆಂಬುದು ಅಳೆಯದೆ ತಿಳಿಯದು. ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹಳೆಯ ಚೀಟಿಯು ಹೊಸ ಅಪ್ಪಣೆಯಲ್ಲ. ಹನಿಯಾಗಲಿ, ಗುಳಿಗೆಯಾಗಲಿ, ರೆಪ್ಪೆಯ ಬಳಿ ಹಚ್ಚುವ ಮುಲಾಮಾಗಲಿ, ಬಹುಕಾಲ ಬೇಕಾದವರು ನೇತ್ರವೈದ್ಯರಲ್ಲಿ ಒತ್ತಡವನ್ನು ಅಳೆಯಿಸಿಕೊಳ್ಳತಕ್ಕದ್ದು. ಸಾಮಾನ್ಯವಾಗಿ ಅದು ಪಾದರಸದ 10ರಿಂದ 21 ಮಿಲಿಮೀಟರು. ಹಾಗೆಂದು ಬೆದರಿ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಲೂ ಬಾರದು. ಬಹುದಿನ ಹೊರಗಿನಿಂದ ಪಡೆದ ದೇಹವು ತನ್ನ ಸ್ವಂತ ಸ್ರಾವವನ್ನು ಕುಗ್ಗಿಸಿಕೊಂಡಿರುವುದರಿಂದ ಪ್ರಾಣಾಪಾಯವೇ ಒದಗಬಹುದು. ಇಳಿಸುವ ಕ್ರಮವನ್ನು ವೈದ್ಯರೇ ಹೇಳಬೇಕು.

ಈ ಬೇಸಿಗೆಯಲ್ಲಿ ಆ ಬಾಲಕನ ತಂಗಿಗೂ ಕಣ್ಣು ಕೆರೆಯಿತು. ತಾಯಿಯು ಗೂಡಿನಲ್ಲಿದ್ದ ಸೀಸೆಯನ್ನು ಮುಟ್ಟದೆ, ಅಂದೇ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದರು.