ಸೀರೆಗೆ ಹೋದವರು

ನಾವು ಹೊರಟಿದ್ದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ತರಲು. ನಾದಿನಿಯ ಮಗಳ ಮದುವೆ. ಸೆರಗಿನ ಬಣ್ಣದ ವಿಚಾರದಲ್ಲಿ ನಮ್ಮತ್ತೆಯವರದೇ ಕೊನೆಯ ಮಾತಾದ್ದರಿಂದ 78ರ ವಯಸ್ಸಿನಲ್ಲೂ ಅವರು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಬ್ರಹ್ಮಗಿರಿಯೂ ಅದೇ ತಾಲ್ಲೂಕಿನಲ್ಲಿದೆಯೆಂದು ನೆನಪಾದದ್ದು ನನಗೆ. 26 ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟವಳು ನಾನು. ಬುಡಕಟ್ಟುಗಳು ನೆಲೆನಿಂತು ಕ್ರಮೇಣ ರಾಜ್ಯಗಳಾದವು ಎಂದು ಒಂದೇ ವಾಕ್ಯ ಬರೆಸಿ, ಕೆಳಗೆ ಗೆರೆ ಎಳೆಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ 'ಕ್ರಮೇಣ'ದೊಳಗೆ ಏನೇನಿತ್ತೆಂದು ಯಾವ ಮಗುವೂ ಕೇಳಲಿಲ್ಲ, ನನ್ನ ಪುಣ್ಯ!

ಬಂಡೆಯ ನೆರಳಲ್ಲಿ ಅತ್ತೆಯವರನ್ನು ಕೂರಿಸಿ ತಿಳಿದಷ್ಟು ಹೇಳಿದೆ. ಇಲ್ಲಿ ಮೊದಲಿದ್ದವರದು ಕಲ್ಲಿನ ಕೊಡಲಿ, ಕೈಯಲ್ಲೇ ತಟ್ಟಿ ಮಾಡಿದ ಗಡಿಗೆ, ದನಕರು. ಆಮೇಲೆ ಕಬ್ಬಿಣ ಬಂತು. ಸತ್ತವರಿಗೆ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಗೋರಿ ಕಟ್ಟಿದರು. ಅಂಥ ಚಪ್ಪಡಿ ಎತ್ತಲು ಒಂದು ಮನೆಯವರ ಕೈ ಸಾಲದು. ಹತ್ತಾರು ಮಂದಿ ಬರಬೇಕು, ಬಂದವರಿಗೆ ಉಣ್ಣಲಿಕ್ಕಬೇಕು, 'ಹೂಂ, ಎತ್ತಿ' ಎನ್ನಲು ಒಬ್ಬ ಯಜಮಾನ ಬೇಕು. ಅರಸುತನದ ಬೀಜ ಅಲ್ಲೇ ಇದ್ದಿರಬೇಕೆಂದು ನನ್ನೆಣಿಕೆ. (ಉಣ್ಣಲಿಕ್ಕಿದವರು ಯಾರೆಂದು ಬೇರೆ ಹೇಳಬೇಕೆ?) ಆದರೆ ದೊಡ್ಡ ರಾಜ್ಯ ಇಲ್ಲಿಗೆ ಬಂದದ್ದು ಹೊರಗಿನಿಂದ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನ ಆಜ್ಞೆ ಸುವರ್ಣಗಿರಿಯಿಂದ ಇಸಿಲವೆಂಬ ಈ ಊರಿನ ಅಧಿಕಾರಿಗಳಿಗೆ ಬಂತು. ತಾಯಿತಂದೆಯರ ಮಾತು ಕೇಳಿ, ಸತ್ಯ ನುಡಿಯಿರಿ ಎಂದೆಲ್ಲ ಬಂಡೆಯ ಮೇಲಿದೆ. ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಬಿಟ್ಟಿಲ್ಲ.

"ಅವನ ಹೆಸರು ಉಳೀತು ಅನ್ನು. ಆ ಗಡಿಗೆಯವರದ್ದು?" ಎಂದರು ಅತ್ತೆ.

1947ರಲ್ಲಿ ವ್ಹೀಲರ್ ಇಲ್ಲಿ ಅಗೆಸಿದಾಗ ಆ ಗಡಿಗೆಯವರ ಮಕ್ಕಳು ಸಿಕ್ಕಿದ್ದರು. ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂಳುತ್ತಿದ್ದರು. ಎಳೆಗೂಸುಗಳನ್ನು ಮಾತ್ರ ಗಡಿಗೆಯೊಳಗಿಟ್ಟು, ತಾವು ವಾಸವಿದ್ದ ಜಾಗದಲ್ಲೇ ಹೂಳಿದ್ದರು. ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ.

"ಹತ್ತಿರಾನೇ ಇಟ್ಕೊಂಡಿದ್ರು ಅನ್ನು. ನನ್ನ ಮೊದಲನೇದನ್ನ ಎಲ್ಲಿಟ್ಟರೋ ನಂಗೆ ಹೇಳಲೇ ಇಲ್ಲ ಕಣೇ. ಬಾಣಂತಿ ಅದನ್ನೆಲ್ಲ ಕೇಳಬಾರದು ಅಂದ್ರು."

ಮದುವೆಯಾಗಿ 30 ವರ್ಷ. ಆ ಮನೆಯಲ್ಲಿ ನಮ್ಮವರಿಗಿಂತ ಮೊದಲು ಒಂದು ಮಗುವಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

"ಗಂಡೋ, ಹೆಣ್ಣೋ?" ಎಂದೆ.

"ಹೆಣ್ಣು," ಎಂದು ಎದ್ದು ಸೆರಗು ಕೊಡವಿದರು. "ನಡಿ, ಅಂಗಡಿ ಮುಚ್ಚಿಬಿಟ್ಟಾರು."