ಪಚ್ಚೆ ತುಂಡು

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಒಂದು ಪುಟ್ಟ ಕೌದಿ ಹೊಲಿದೆವು. ಉದ್ದ ಎರಡು ಮೊಳ, ಅಗಲ ಒಂದೂವರೆ. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳ ಕೂಸಿಗೆ. ಹೊಲಿದವಳು ಅವ್ವ. ಕಣ್ಣಿಗೆ ಪೊರೆ ಬಂದು ಅವಳಿಗೆ ಬಣ್ಣಗಳೆಲ್ಲ ಮಸುಕು, ಬೆರಳೇ ಕಣ್ಣು. ನಾನು ಬ್ಯಾಂಕಿಗೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದೆ. ಬಣ್ಣ ಆರಿಸಿ ಕೊಡುವ ಕೆಲಸ ಮಗಳದು.

ಮಗಳಿಗೆ ಅಂಗಡಿಯ ಗುಲಾಬಿ ಬಟ್ಟೆಯ ಮೇಲೆ ಮನಸ್ಸು. ಹತ್ತಿ ವ್ಯಾಪಾರಕ್ಕೇ ಹೆಸರಾದ ನಮ್ಮ ಆದೋನಿಯಲ್ಲಿ ಬಟ್ಟೆಗೇನು ಬರವೆ? ಅವ್ವ ಒಪ್ಪಲಿಲ್ಲ. "ಹೊಸ ಬಟ್ಟೆ ಕೂಸಿನ ಮೈಗೆ ಚುಚ್ತೈತೆ. ಉಟ್ಟು, ಒಗೆದು ಮೆತ್ತಗಾದದ್ದು ತಗೀರಿ" ಎಂದಳು. ಟ್ರಂಕಿನಿಂದ ಅಪ್ಪನ ಪಂಚೆ ಬಂತು. ಬಿಳಿ ಬೇಗ ಕೊಳೆಯಾಗುತ್ತದೆಂದು ಅದು ಒಳಪದರಕ್ಕೆ. ಅವ್ವನ ಕೆಂಪು ಇಳಕಲ್ ಸೀರೆ ಬಂತು. ಕೂಸು ಬಾಯಿಗಿಡುವ ವಸ್ತು, ಬಣ್ಣ ಬಿಡಬಾರದಲ್ಲ! ಒಂದು ಚೂರನ್ನು ನೀರಲ್ಲಿ ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿದ ಮೇಲೆಯೇ ಕೆಂಪಿಗೆ ಅಪ್ಪಣೆ. ದೃಷ್ಟಿಗೆಂದು ಮೂಲೆಗೊಂದು ಕರಿ ತುಂಡು. ಕೆಂಪಿನ ಪಕ್ಕದಲ್ಲಿ, ನಟ್ಟನಡುವೆ, ನನ್ನ ಸೀಮಂತದ ಹಸಿರು ಸೀರೆಯ ತುಂಡು ಬರಬೇಕು. ನಾವದನ್ನು ಕುಬುಸ ಅನ್ನುತ್ತೇವೆ. ಈ ಮಗಳೇ ಹೊಟ್ಟೆಯಲ್ಲಿದ್ದಾಗ ಉಟ್ಟ ಸೀರೆ ಅದು.

ಸಂಜೆ ಬಂದು ನೋಡುತ್ತೇನೆ, ಕೆಂಪಿನ ಪಕ್ಕ ಹಳದಿ! ಮಗಳ ಬಾಲ್ಯದ ಲಂಗದ ಅರಿಸಿನ ಬಣ್ಣ.

ನಡೆದದ್ದಿಷ್ಟು. ಅವ್ವ "ಹಸರು ಕೊಡು" ಎಂದಿದ್ದಾಳೆ. ಹುಡುಗಿಗೆ ತಿಳಿದಿಲ್ಲ. ಅರ್ಥವಾಗಲೆಂದು ಅವ್ವ "ಪಚ್ಚೆ, ಪಚ್ಚೆ" ಎಂದಿದ್ದಾಳೆ. ಮಲಯಾಳದಲ್ಲಿ ಪಚ್ಚ ಎಂದರೆ ಹಸಿರೇ. ಕಾಸರಗೋಡಿನವರಾದ ನಿಮಗೆ ಆ ತೊಡಕಿಲ್ಲ. ತೆಲುಗಿನ ಪಚ್ಚ ಹಸಿರೂ ಹೌದು, ಹಳದಿಯೂ ಹೌದು. ಕಾಮಾಲೆಗೆ ಅವರು ಪಚ್ಚಕಾಮೆರ್ಲು ಅನ್ನುತ್ತಾರೆ. ಹಸಿರೆಂದೇ ಸ್ಪಷ್ಟವಾಗಬೇಕಾದರೆ ಎಲೆಯನ್ನು ಸೇರಿಸಿ ಆಕುಪಚ್ಚ ಅನ್ನಬೇಕು.

ತಪ್ಪು ಮಗಳದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅಲ್ಲಿಗೆ ಹೋದವು. ಮೂರು ವರ್ಷದ ಮೇಲೆ ನೀವು ಕೇರಳಕ್ಕೆ ಸೇರಿದಿರಿ. ಆದರೆ ನನ್ನ ಮಗಳನ್ನು ತೆಲುಗು ಮಾಧ್ಯಮಕ್ಕೆ ಸೇರಿಸಿದ್ದು ಯಾವ ಸರಕಾರವೂ ಅಲ್ಲ, ನಾನು. ಕನ್ನಡದಲ್ಲಿ ಓದಿದ ನಾನು ಕೌಂಟರಿನಲ್ಲಿ ಕೂತು, ಗಿರಾಕಿಗಳ ತೆಲುಗು ಅರ್ಜಿಗಳನ್ನು ಅಕ್ಷರ ಕೂಡಿಸಿ ಓದುತ್ತ ನಾಚಿದ ದಿನಗಳಿದ್ದವು. ಅವಳಿಗೆ ಅದು ಬೇಡ ಎನಿಸಿತು. ಈಗ ಮನೆಯಲ್ಲಿ ಕನ್ನಡವನ್ನೇ ಆಡುತ್ತಾಳೆ. ಬಣ್ಣ, ವಾರ, ಲೆಕ್ಕ ಬಂದರೆ ತೆಲುಗು. ಅಜ್ಜಿಯನ್ನು ಅವಳೂ ಅವ್ವ ಎಂದೇ ಕರೆಯುತ್ತಾಳೆ. ಅದು ನನ್ನ ಅವ್ವ ಅಲ್ಲ, ರಾಯಲಸೀಮೆಯ ತೆಲುಗಿನ ಅವ್ವ. ಅಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ.

"ನಿನ್ನ ಕುಬುಸದ ಸೀರೆ ಚಂದ ಕಾಣ್ತೈತೇನೆ?" ಅವ್ವ ಕೇಳಿದಳು. "ಹೂಂ" ಎಂದುಬಿಟ್ಟೆ. ಊಟಕ್ಕೆ ಕೂತಾಗ ತುತ್ತು ಇಳಿಯಲಿಲ್ಲ. ಹೇಳಿದೆ.

ಅವ್ವ ಮೊಮ್ಮಗಳಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ನೋಡಿಯೂ ಹೂಂ ಅಂದೆಯಾ? ಬಿಚ್ಚು" ಎಂದಳು.

ಅಂದು ರಾತ್ರಿ ಮಗಳು ಮೊಬೈಲ್ ಬೆಳಕು ಹಿಡಿದಳು, ನಾನು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಸಾಲು ಸಾಲು ಹೊಲಿಗೆ, ಅರ್ಧ ಗಂಟೆ ಹಿಡಿಯಿತು. ಹಸಿರು ನಡುವೆ ಬಂತು. ಹಳದಿಯನ್ನು ಎಸೆಯಲು ಅವ್ವ ಬಿಡಲಿಲ್ಲ, ಅಂಚಿಗೆ ಹಾಕಿಸಿದಳು. "ಇದಕ್ಕೇನಂತಾರೆ?" ಎಂದು ಮಗಳು ಒಂದೊಂದೇ ತುಂಡು ಮುಟ್ಟಿ ಕೇಳಿದಳು. ಅವ್ವ ಹೇಳಿದಳು. ನೇರಳೆ ಅವಳ ಬಾಯಲ್ಲಿ ನಿಲ್ಲಲಿಲ್ಲ.

ಐದನೆಯ ತಿಂಗಳಲ್ಲಿ ಕೂಸು ಕರ್ನೂಲಿಗೆ ಹೋಯಿತು. ಹೋದ ವಾರ ಮಗಳ ಫೋನ್ ಬಂತು: ಕೌದಿ ಒಗೆದಳಂತೆ, ಕೆಂಪು ಬಣ್ಣ ಬಿಟ್ಟಿಲ್ಲವಂತೆ.