ಆಕಾಶದಲ್ಲಿ ಹೊತ್ತು ಕಳೆಯುವ ಬಗೆ

ರಾತ್ರಿ ಬಸ್ಸಿನ ‘ವಿಡಿಯೋ ಕೋಚ್’ ಕಂಡವರಿಗೆ ವಿಮಾನದ ಮನರಂಜನೆಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ರೈವರ್ ಬೆನ್ನ ಹಿಂದೆ ಒಂದು ಟಿ.ವಿ. ಪೆಟ್ಟಿಗೆ, ಅದರಲ್ಲಿ ಕ್ಲೀನರ್ ಹಾಕಿದ್ದೇ ಸಿನಿಮಾ. ಮೊದಲ ಸಾಲಿನವರಿಗೆ ನಿದ್ದೆಯಿಲ್ಲ, ಕೊನೆಯ ಸಾಲಿನವರಿಗೆ ಮಾತು ಕೇಳಿಸುವುದಿಲ್ಲ. ತುಮಕೂರು ದಾಟುವಾಗ ಶುರುವಾದ ಹೊಡೆದಾಟ ಚಿತ್ರದುರ್ಗದ ಹೊತ್ತಿಗಾದರೂ ಮುಗಿದರೆ ಪ್ರಯಾಣಿಕರ ಪುಣ್ಯ. ವಿಮಾನದಲ್ಲೂ ಬಹುಕಾಲ ನಡೆದದ್ದು ಇದೇ. ಟಿಕೆಟ್ಟಿನ ದರ ಮಾತ್ರ ಬೇರೆ!

ಹಾರುವ ಯಂತ್ರದೊಳಗೆ ಸಿನಿಮಾ ತೋರಿಸುವ ಹುಚ್ಚು ತೀರಾ ಹಳೆಯದು. 1921ರಲ್ಲಿ ಅಮೆರಿಕದ ಷಿಕಾಗೋ ನಗರದ ಮೇಲೆ ಹಾರಿದ ಏರೋಮೆರೀನ್ ಸಂಸ್ಥೆಯ ವಿಮಾನದಲ್ಲಿ ಆ ಊರಿನದೇ ಒಂದು ಪ್ರಚಾರ ಚಿತ್ರ ತೋರಿಸಿದರು. 1925ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ತನ್ನ ಪ್ರಯಾಣಿಕರಿಗೆ ‘ದಿ ಲಾಸ್ಟ್ ವರ್ಲ್ಡ್’ ತೋರಿಸಿತು. ಅದು ಮೂಕಿ ಚಿತ್ರ. ಎಂಜಿನ್ನಿನ ಅಬ್ಬರಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಅಂದಿನ ಫಿಲ್ಮು ನೈಟ್ರೇಟಿನದು, ಕಿಡಿ ಸೋಕಿದರೆ ಭಗ್ಗೆನ್ನುವಂಥದು. ವಿಮಾನವೋ, ಮೊದಲ ಮಹಾಯುದ್ಧದ ಬಾಂಬರನ್ನು ಮಾರ್ಪಡಿಸಿದ್ದು, ಮರ ಮತ್ತು ಬಟ್ಟೆಯ ಮೈಯದು. ಇಂಥ ಸಾಹಸವನ್ನು ಯಾವ ಪ್ರಯಾಣಿಕನೂ ಕೇಳಿರಲಾರ. ಬೇಕಿದ್ದದ್ದು ಸಂಸ್ಥೆಗೆ, ಹೆಸರು.

ಪ್ರಯಾಣಿಕನಿಗೆ ನಿಜವಾಗಿ ಬೇಸರ ಬರತೊಡಗಿದ್ದು ಜೆಟ್ ವಿಮಾನಗಳ ಕಾಲದಲ್ಲಿ. ಅವು ಮೋಡಗಳಿಗಿಂತ ಎತ್ತರದಲ್ಲಿ ಹಾರತೊಡಗಿದ ಮೇಲೆ ಕಿಟಕಿಯಾಚೆ ಊರಿಲ್ಲ, ಹೊಳೆಯಿಲ್ಲ, ಬರೀ ಬಿಳುಪು. ಅಮೆರಿಕದಲ್ಲಿ ಆಗ ಟಿಕೆಟ್ ದರವನ್ನು ಸರ್ಕಾರದ ಮಂಡಳಿಯೇ ನಿಯಂತ್ರಿಸುತ್ತಿತ್ತು. ಬೆಲೆ ಇಳಿಸಿ ಗಿರಾಕಿಯನ್ನು ಸೆಳೆಯುವಂತಿಲ್ಲ. ಊಟದಿಂದ, ಉಪಚಾರದಿಂದ, ಕೊನೆಗೆ ಸಿನಿಮಾದಿಂದ ಸೆಳೆಯಬೇಕು. ಡೇವಿಡ್ ಫ್ಲೆಕ್ಸರ್ ಎಂಬ ಚಿತ್ರಮಂದಿರಗಳ ಮಾಲೀಕ ವಿಮಾನಕ್ಕೆ ಹೊಂದುವಂಥ 16 ಮಿ.ಮೀ. ಪ್ರೊಜೆಕ್ಟರ್ ರೂಪಿಸಿದ. ಇಡೀ ಚಿತ್ರ ಒಂದೇ ದೊಡ್ಡ ಸುರುಳಿಯಲ್ಲಿ, ನಡುವೆ ರೀಲು ಬದಲಿಸುವ ತಾಪತ್ರಯವಿಲ್ಲ. 1961ರ ಜುಲೈಯಲ್ಲಿ ಟಿ.ಡಬ್ಲ್ಯು.ಎ. ಸಂಸ್ಥೆ ಪ್ರಥಮ ದರ್ಜೆಯವರಿಗೆ ಕ್ರಮಬದ್ಧವಾಗಿ ಸಿನಿಮಾ ತೋರಿಸಲಾರಂಭಿಸಿತು. ಶಬ್ದ ಕೇಳಲು ಬಂದದ್ದು ವೈದ್ಯರ ಸ್ಟೆತೋಸ್ಕೋಪಿನಂಥ ಟೊಳ್ಳು ಕೊಳವೆ. ಸೀಟಿನ ತೋಳಿನೊಳಗಿದ್ದ ಪುಟ್ಟ ಸ್ಪೀಕರಿನ ಸದ್ದು ಗಾಳಿಯ ಮೂಲಕವೇ ಕಿವಿಗೆ ಸಾಗುತ್ತಿತ್ತು.

ಈ ಕೊಳವೆಗೆ ಬದಲಾಗಿ ವಿದ್ಯುತ್ ಹೆಡ್‌ಫೋನು ಬಂದ ಕಾಲದ ಒಂದು ಪ್ರಸಂಗ ವಿದ್ಯಾರ್ಥಿಗಳು ಕೇಳಬೇಕಾದದ್ದು. ಅಮರ್ ಬೋಸ್ ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕ, ತಂದೆ ಬಂಗಾಳದಿಂದ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ಹೊರಟ ಬೋಸ್ ಆಸೆಯಿಂದ ಹೆಡ್‌ಫೋನು ಧರಿಸಿದರೆ, ಸಂಗೀತಕ್ಕಿಂತ ಎಂಜಿನ್ನಿನ ಗುಂಯ್‌ಗುಡುವಿಕೆಯೇ ಜೋರು. ಬೇರೆಯವರಾಗಿದ್ದರೆ ಗೊಣಗಿ, ಕಂಬಳಿ ಹೊದ್ದು ಮಲಗುತ್ತಿದ್ದರು. ಬೋಸ್ ಕಾಗದ ತೆಗೆದು ಲೆಕ್ಕ ಹಾಕಲು ಕುಳಿತರು. ಶಬ್ದವೆಂದರೆ ಅಲೆ. ಅಲೆ ಏರುವಾಗ ಇಳಿಯುವ, ಇಳಿಯುವಾಗ ಏರುವ ಇನ್ನೊಂದು ಅಲೆಯನ್ನು ಅದೇ ಕ್ಷಣದಲ್ಲಿ ಕಿವಿಯ ಬಳಿ ಹುಟ್ಟಿಸಿದರೆ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಬರುವ ಅಲೆಗಳ ವ್ಯತಿಕರಣವೇ ಇದು. ವಿಮಾನ ಇಳಿಯುವಷ್ಟರಲ್ಲಿ ತತ್ವವೇನೋ ಕಾಗದದ ಮೇಲಿತ್ತು. ಅದು ಕಿವಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1989ರಲ್ಲಿ ಪೈಲಟ್‌ಗಳಿಗಾಗಿ ಮೊದಲ ಹೆಡ್‌ಸೆಟ್ ಮಾರಾಟಕ್ಕೆ ಬಂತು. ಕಳೆದ ನೂರು ವರ್ಷಗಳಲ್ಲಿ ವಿಮಾನದ ಮನರಂಜನೆಗೆ ಆದ ಅತಿದೊಡ್ಡ ಉಪಕಾರ ಇದೇ ಎನ್ನಬೇಕು. ಅದು ಕೊಟ್ಟದ್ದು ಮೌನವನ್ನು!

1988ರಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ ಜಂಬೋ ವಿಮಾನದಲ್ಲಿ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ 2.7 ಅಂಗುಲದ ಪರದೆಗಳು ಸೀಟಿಗೊಂದರಂತೆ ಬಂದವು. ವಿಡಿಯೋ ಕೋಚಿನ ದರ್ಬಾರು ಅಲ್ಲಿಗೆ ಮುಗಿಯತೊಡಗಿತು. ಯಾರಿಗೆ ಯಾವುದು ಬೇಕೋ ಅದು, ಬೇಕೆನಿಸಿದಾಗ. ಆದರೆ ಪ್ರತಿ ಸೀಟಿಗೂ ಪರದೆ ಎಂದರೆ ಪ್ರತಿ ಸೀಟಿಗೂ ತಂತಿ, ಪ್ರತಿ ತಂತಿಗೂ ವಿದ್ಯುತ್ತು, ಎಲ್ಲಕ್ಕೂ ತೂಕ. ಹೊಸದಾಗಿ ಎಳೆದ ಇಂಥ ತಂತಿಗಳ ವಿಷಯದಲ್ಲಿ ಎಚ್ಚರ ತಪ್ಪಿದರೆ ಏನಾದೀತೆಂಬುದು ಹತ್ತೇ ವರ್ಷಗಳಲ್ಲಿ ಗೊತ್ತಾಯಿತು.

1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನದ ಕಾಕ್‌ಪಿಟ್ಟಿನಲ್ಲಿ ಸುಟ್ಟ ವಾಸನೆ ಕಾಣಿಸಿಕೊಂಡಿತು. ಪೈಲಟ್‌ಗಳು ಕೆನಡಾದ ಹ್ಯಾಲಿಫ್ಯಾಕ್ಸ್ ಕಡೆಗೆ ತಿರುಗಿಸಿದರು. ಸುಮಾರು 21 ನಿಮಿಷಗಳಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು. 229 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕೆನಡಾದ ತನಿಖಾ ಮಂಡಳಿ ಕಡಲ ತಳದಿಂದ ಚೂರುಚೂರನ್ನೂ ಹೆಕ್ಕಿ ಜೋಡಿಸಿ, 2003ರ ಮಾರ್ಚಿಯಲ್ಲಿ ವರದಿ ಕೊಟ್ಟಿತು. ಕಾಕ್‌ಪಿಟ್ಟಿನ ಮೇಲ್ಛಾವಣಿಯೊಳಗೆ ತಂತಿ ಕಿಡಿಕಾರಿದ್ದರಿಂದ ಬೆಂಕಿ ಹತ್ತಿರಬೇಕು. ಕಿಡಿಕಾರಿದ ತಂತಿಗಳಲ್ಲಿ ಮನರಂಜನಾ ವ್ಯವಸ್ಥೆಯದೂ ಒಂದು ಎಂದಿತು ವರದಿ. ಅದೇ ಮೊದಲನೆಯದು ಎಂದು ಖಚಿತವಾಗಿ ಹೇಳಲು ಮಂಡಳಿಗೆ ಆಗಲಿಲ್ಲ. ಬೆಂಕಿ ಹಬ್ಬಲು ಸುತ್ತಲಿನ ಹೊದಿಕೆಯೇ ಸೌದೆಯಾಗಿತ್ತು. ಇನ್ನೊಂದು ಸಂಗತಿಯೂ ಬಯಲಿಗೆ ಬಂತು. ಕ್ಯಾಬಿನ್ನಿನ ವಿದ್ಯುತ್ತನ್ನು ಆರಿಸಲೆಂದು ಪೈಲಟ್ ಬಳಿ ಇದ್ದ ಸ್ವಿಚ್ಚು ಒತ್ತಿದರೂ ಈ ವ್ಯವಸ್ಥೆ ಆರುವಂತಿರಲಿಲ್ಲ. ಸಿನಿಮಾ ನೋಡುವವನಿಗೆ ಇದೆಲ್ಲ ತಿಳಿಯುವುದಾದರೂ ಹೇಗೆ? ಆತನ ನಿರೀಕ್ಷೆಗಳ ಪಟ್ಟಿಯಲ್ಲಿ ಸುರಕ್ಷತೆ ಇರುವುದೇ ಇಲ್ಲ, ಅದು ಇದ್ದೇ ಇರುತ್ತದೆಂಬ ನಂಬಿಕೆಯಿಂದ ಟಿಕೆಟ್ ಕೊಂಡಿರುತ್ತಾನೆ. ಆ ಸಂಸ್ಥೆ ಮರು ತಿಂಗಳೇ ತನ್ನ ವಿಮಾನಗಳಲ್ಲಿದ್ದ ಆ ವ್ಯವಸ್ಥೆಯ ಸಂಪರ್ಕ ಕಿತ್ತುಹಾಕಿತು. ಬೇಗ ಉರಿಯುವ ಆ ಹೊದಿಕೆಯನ್ನು ಬದಲಿಸಬೇಕೆಂದು ಅಮೆರಿಕದ ವಿಮಾನಯಾನ ಆಡಳಿತವೂ ಆದೇಶಿಸಿತು.

ಇಷ್ಟಕ್ಕೂ ಪ್ರಯಾಣಿಕ ಬಯಸುವುದೇನು? ಈ ಪ್ರಶ್ನೆಗೆ ಬೆಂಗಳೂರಿನಿಂದಲೇ ಎರಡು ಉತ್ತರಗಳು ಹೊರಟಿದ್ದವು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಅದರಲ್ಲಿ ಸಿನಿಮಾ ಇರಲಿ, ಪುಕ್ಕಟೆ ಊಟವೂ ಇರಲಿಲ್ಲ. ಬೇಕಾದವರು ಕೊಂಡು ತಿನ್ನಬೇಕು. ಮೈಸೂರಿನ ಆರ್.ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನೇ ಸಂಸ್ಥೆಯ ಲಾಂಛನ. ಎರಡು ವರ್ಷಗಳ ನಂತರ, 2005ರ ಮೇ ತಿಂಗಳಲ್ಲಿ, ಕಿಂಗ್‌ಫಿಷರ್ ದೇಶದೊಳಗಿನ ಒಂದೆರಡು ಗಂಟೆಯ ಹಾರಾಟಕ್ಕೂ ಪ್ರತಿ ಸೀಟಿಗೆ ಪರದೆ ಇಟ್ಟಿತು. ಮುಂದೆ ಎರಡನೆಯದು ಮೊದಲನೆಯದನ್ನು ನುಂಗಿತು. 2012ರ ಅಕ್ಟೋಬರಿನಲ್ಲಿ ತಾನೂ ನೆಲಕ್ಕಿಳಿಯಿತು. ಪರದೆಗಳಿಂದಲೇ ಮುಳುಗಿತೆಂದರೆ ಅನ್ಯಾಯವಾದೀತು, ಕಾರಣಗಳು ಹಲವು. ಆದರೂ ಇಂದು ದೇಶದೊಳಗೆ ಹಾರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಹೊತ್ತೊಯ್ಯುವ ಇಂಡಿಗೋ ಈ ಹಾರಾಟಗಳಲ್ಲಿ ಪರದೆಯ ಗೋಜಿಗೇ ಹೋಗಿಲ್ಲ. ಸಮಯಕ್ಕೆ ಸರಿಯಾಗಿ ಮುಟ್ಟಿಸಿದರೆ ಹುಬ್ಬಳ್ಳಿಗೆ ಹೋಗುವವನಿಗೆ ಸಿನಿಮಾ ಏಕೆ ಬೇಕು?

ದೂರದ ಹಾರಾಟದ ಮಾತು ಬೇರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಬಂದಾಗ ಹಿಡಿದದ್ದು ಸುಮಾರು 17 ಗಂಟೆ. ಮಗಳ ಬಾಣಂತನಕ್ಕೆಂದು ಆ ದೂರದ ದೇಶಕ್ಕೆ ಒಬ್ಬಳೇ ಹೊರಟ ತಾಯಿಯನ್ನು ನೆನೆಯಿರಿ. ನೂರಾರು ಚಿತ್ರಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕುವಷ್ಟರಲ್ಲಿ ಬೆರಳು ಸೋಲುತ್ತದೆ. ಪಕ್ಕದ ಸೀಟಿನ ಹುಡುಗ ಸಹಾಯ ಮಾಡಿ ಹುಡುಕಿಕೊಟ್ಟರೂ ಆಕೆ ಕೊನೆಗೆ ನೋಡುತ್ತ ಕೂರುವುದು ನಕಾಶೆಯನ್ನು. ಪುಟ್ಟ ವಿಮಾನದ ಗುರುತು ಸಮುದ್ರದ ನೀಲಿಯ ಮೇಲೆ ಇರುವೆಯಂತೆ ತೆವಳುತ್ತದೆ. ‘ಎಲ್ಲಿಗೆ ಬಂದ್ವಿ?’ ಎಂಬುದೇ ಅಲ್ಲವೇ ಬಸ್ಸಿನಲ್ಲೂ ಎಲ್ಲರೂ ಕೇಳುವ ಪ್ರಶ್ನೆ?

ಪರದೆಯ ಭವಿಷ್ಯದ ಬಗ್ಗೆ ದೊಡ್ಡ ಸಂಸ್ಥೆಗಳಿಗೇ ಒಮ್ಮತವಿಲ್ಲ. ಹತ್ತರಲ್ಲಿ ಒಂಬತ್ತು ಮಂದಿಯ ಕೈಯಲ್ಲೇ ಫೋನೋ ಟ್ಯಾಬ್ಲೆಟ್ಟೋ ಇರುವಾಗ ಸೀಟಿಗೇಕೆ ಪರದೆ ಎಂದು ಅಮೆರಿಕನ್ ಏರ್‌ಲೈನ್ಸ್ 2017ರಲ್ಲಿ ಹೊಸ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಿಂದ ಅದನ್ನು ಕೈಬಿಟ್ಟಿತು. ನಾಲ್ಕೇ ವರ್ಷಗಳಲ್ಲಿ ಯುನೈಟೆಡ್ ಸಂಸ್ಥೆ ಸಣ್ಣ ವಿಮಾನಗಳಿಗೂ ಪರದೆ ಇಡುವುದಾಗಿ ಸಾರಿತು.

ಇಂಟರ್‌ನೆಟ್ಟಿನದು ಇನ್ನೂ ವಿಚಿತ್ರ. 2004ರಲ್ಲಿ ಬೋಯಿಂಗ್ ಕಂಪನಿ ಉಪಗ್ರಹದ ಮೂಲಕ ಹಾರುವ ವಿಮಾನಕ್ಕೆ ಇಂಟರ್‌ನೆಟ್ ಒದಗಿಸಿದಾಗ ಕೊಳ್ಳುವವರು ಸಾಲದೆ 2006ರಲ್ಲಿ ಅಂಗಡಿ ಮುಚ್ಚಬೇಕಾಯಿತು. ಆಗ ಯಾರಿಗೂ ಅಷ್ಟಾಗಿ ಬೇಡವಾಗಿದ್ದದ್ದು ಈಗ ಕುಡಿಯುವ ನೀರಿನಷ್ಟು ಸಹಜವಾಗಿ ಕೇಳುವ ವಸ್ತು. ಭಾರತದಲ್ಲಿ 2020ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 2025ರ ಜನವರಿ 1ರಂದು ಏರ್ ಇಂಡಿಯಾ ದೇಶದೊಳಗಿನ ಕೆಲವು ವಿಮಾನಗಳಲ್ಲೂ ವೈಫೈ ಕೊಡಲಾರಂಭಿಸಿತು. ಕಚೇರಿಯ ಕರೆ, ಶಾಲೆಯ ವಾಟ್ಸ್‌ಆ್ಯಪ್ ಗುಂಪು, ಯಾವುದೂ ಮುಟ್ಟದ ಒಂದೇ ಒಂದು ತಾಣ ಉಳಿದಿತ್ತು. ಪ್ರಯಾಣಿಕನೇ ಕೇಳಿಕೇಳಿ ಅದನ್ನೂ ಕಳೆದುಕೊಂಡ.

ಪೂರ್ತಿಯಾಗಿ ಅಲ್ಲ. ಭಾರತದ ಆಕಾಶದಲ್ಲಿ ವಿಮಾನ 3,000 ಮೀಟರ್ ಏರುವ ತನಕ ಇಂಟರ್‌ನೆಟ್ ಕೊಡುವಂತಿಲ್ಲವೆಂಬ ನಿಯಮ 2024ರಲ್ಲಿ ಬಂದಿದೆ. ಏರುವಾಗ ಕಿಟಕಿಯ ಪರದೆಯನ್ನೂ ತೆರೆದಿಡಬೇಕು. ದೇವನಹಳ್ಳಿಯಿಂದ ಮೇಲೇಳುವ ಆ ಕೆಲವು ನಿಮಿಷಗಳಲ್ಲಿ, ಮೋಡವಿಲ್ಲದಿದ್ದರೆ, ನಂದಿ ಬೆಟ್ಟ ಕಾಣುತ್ತದೆ. ಪೂರ್ವಕ್ಕೆ ಹಾರಿದರೆ ಎಡಗಡೆ, ಪಶ್ಚಿಮಕ್ಕೆ ಹಾರಿದರೆ ಬಲಗಡೆ. ಯಾವ ದಿಕ್ಕೆಂಬುದನ್ನು ಅಂದಿನ ಗಾಳಿ ತೀರ್ಮಾನಿಸುತ್ತದೆ.